ಮಿಗ್ ವೆಲ್ಡಿಂಗ್ ಯಂತ್ರವನ್ನು ಹೊಂದಿಸಿಕೊಳ್ಳುವ ಮತ್ತು ಅಪಾಯವಿಲ್ಲದೆ ಬಳಸುವ ಕ್ರಮ

ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್, ತಗಡಿನ ಶೆಡ್ಡು ಮುಂತಾದ ಕೆಲಸಗಳನ್ನು ಹಿಡಿಯುವ ಸಣ್ಣ ಕಾರ್ಯಾಗಾರಗಳಲ್ಲಿ ಬಹುಕಾಲ ರಾಡ್ ವೆಲ್ಡಿಂಗ್ ಒಂದೇ ಇತ್ತು. ಒಂದು ಫೇಸ್ ವಿದ್ಯುತ್ತಿನಲ್ಲೇ ನಡೆಯುವ 200 ಆಂಪಿಯರ್‌ನ ಇನ್ವರ್ಟರ್ ಮಿಗ್ ಯಂತ್ರಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತಿರುವುದರಿಂದ, ಹಿಂದೆ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ದೊಡ್ಡ ಶೆಡ್ಡುಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಯಂತ್ರ ತಾಲ್ಲೂಕು ಊರುಗಳ ಅಂಗಡಿಗಳಿಗೂ ಬಂದಿದೆ. ಇದರಲ್ಲಿ ರಾಡ್ ಬದಲು ಸುರುಳಿಯ ವೈರ್ ಟಾರ್ಚ್ ಎಂಬ ಹಿಡಿಕೆಯ ಮೂಲಕ ತಾನಾಗಿ ಹೊರಬಂದು, ಆರ್ಕ್ ಎಂಬ ವಿದ್ಯುತ್ ಕಿಡಿಯ ಬಿಸಿಗೆ ಕರಗಿ ಲೋಹವನ್ನು ಬೆಸೆಯುತ್ತದೆ; ಜೊತೆಗೆ ಹರಿಯುವ ಅನಿಲ ಬೆಸುಗೆಗೆ ಗಾಳಿ ಹೊಗದಂತೆ ಕಾಯುತ್ತದೆ. ಕೆಲಸಗಾರರ ಬಾಯಲ್ಲಿ ಇದಕ್ಕೆ ಸಿಓಟೂ ವೆಲ್ಡಿಂಗ್ ಎಂಬ ಹೆಸರೇ ಹೆಚ್ಚು ರೂಢಿ. ಶಾಸ್ತ್ರೀಯವಾಗಿ ಹೇಳುವುದಾದರೆ ಆರ್ಗಾನ್‌ನಂಥ ಜಡ ಅನಿಲ ಬಳಸಿದರೆ ಮಿಗ್, ಇಂಗಾಲದ ಡೈಆಕ್ಸೈಡ್ (ಸಿಓಟೂ) ಅಥವಾ ಅದರ ಮಿಶ್ರಣ ಬಳಸಿದರೆ ಮ್ಯಾಗ್. ಯಂತ್ರ ಮಾತ್ರ ಒಂದೇ. ಈ ಬರಹದಲ್ಲಿ 0.8 ಮಿ.ಮೀ. ವೈರ್ ಹಾಕಿ ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್) ಕಬ್ಬಿಣವನ್ನು ಬೆಸೆಯುವ ಅಂಥದೊಂದು ಯಂತ್ರವನ್ನೇ ಕಣ್ಣ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ರಾಡ್‌ನಲ್ಲಿ ಕೈ ಪಳಗದವನ ಬೆಸುಗೆ ನೋಡಿದ ಕೂಡಲೇ ತನ್ನ ದೋಷವನ್ನು ತೋರಿಸಿಬಿಡುತ್ತದೆ. ಮಿಗ್ ಹಾಗಲ್ಲ. ಯಂತ್ರದ ಹೊಂದಿಕೆ (ವೋಲ್ಟೇಜು, ವೈರಿನ ವೇಗ) ತಪ್ಪಿದ್ದರೂ ಇದರ ಬೆಸುಗೆ ಸಾಲು ನೋಡುವುದಕ್ಕೆ ಅಚ್ಚುಕಟ್ಟಾಗಿಯೇ ಇರಬಲ್ಲದು. ಮಿಗ್ ಯಂತ್ರ ತಂದ ಹೊಸದರಲ್ಲಿ ನಾನು ಟ್ರೇಲರ್‌ನ ಕೊಂಡಿಗೆ 10 ಮಿ.ಮೀ. ದಪ್ಪದ ಪ್ಲೇಟನ್ನು, ತೆಳು ಪೈಪಿಗೆ ಇಟ್ಟಿದ್ದ ಹೊಂದಿಕೆಯನ್ನೇ ಬದಲಿಸದೆ, ಬೆಸೆದು ಕೊಟ್ಟಿದ್ದೆ. ಸಾಲು ನೋಡಿದವರೆಲ್ಲ ಮೆಚ್ಚಿದರು. ಕೆಲವೇ ದಿನಗಳಲ್ಲಿ ಆ ಬೆಸುಗೆ, ಗೋಡೆಯಿಂದ ಸುಣ್ಣದ ಹಕ್ಕಳೆ ಏಳುವಂತೆ, ಪ್ಲೇಟಿನಿಂದ ಇಡಿಯಾಗಿ ಕಳಚಿ ಬಂತು. ಅದರಡಿಯಲ್ಲಿ ಪ್ಲೇಟಿನ ನೀಲಿಗಪ್ಪು ಪೊರೆ ಒಂದಿಷ್ಟೂ ಕರಗದೆ ಹಾಗೆಯೇ ಉಳಿದಿತ್ತು. ಟ್ರೇಲರ್ ಖಾಲಿ ಇದ್ದುದರಿಂದ, ಹಿಂದೆ ಯಾರೂ ಬರುತ್ತಿರಲಿಲ್ಲವಾದ್ದರಿಂದ, ಯಾರಿಗೂ ಪೆಟ್ಟಾಗಲಿಲ್ಲ. ಮಿಗ್‌ನಲ್ಲಿ ಕೈಚಳಕಕ್ಕಿಂತ ಮೊದಲು ಹೊಂದಿಕೆ, ಹೊಂದಿಕೆಯಾದ ಮೇಲೆ ಪರೀಕ್ಷೆ ಎಂಬುದನ್ನು ಅಂದಿನಿಂದ ನಾನು ಬಿಟ್ಟಿಲ್ಲ. ಕಲಿಯಲು ಬರುವ ಹುಡುಗರಿಗೂ ಮೊದಲು ಹೇಳುವುದು ಇದನ್ನೇ.

ವಿದ್ಯುತ್ತು ಮತ್ತು ಅರ್ಥಿಂಗ್

ಯಂತ್ರವನ್ನು ಒಣಗಿದ, ಸಮತಟ್ಟಾದ ನೆಲದ ಮೇಲೆ, ಗೋಡೆಯಿಂದ ಒಂದಡಿಯಾದರೂ ದೂರದಲ್ಲಿಡಬೇಕು. ಹಿಂದಿನ ಫ್ಯಾನು ಗಾಳಿ ಎಳೆದುಕೊಳ್ಳಲು ಜಾಗ ಬೇಕು, ಗ್ರೈಂಡರ್‌ನ ಕಬ್ಬಿಣದ ಪುಡಿ ಆ ಕಡೆ ಹಾರಬಾರದು. ಈ ಪುಡಿ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತು ಶಾರ್ಟ್ ಆಗುವುದು ಇನ್ವರ್ಟರ್ ಯಂತ್ರಗಳು ಕೆಡುವ ಮುಖ್ಯ ಕಾರಣಗಳಲ್ಲೊಂದು.

200 ಆಂಪಿಯರ್ ಎಂಬುದು ಯಂತ್ರ ಹೊರಗೆ ಕೊಡುವ ವಿದ್ಯುತ್ತೇ ಹೊರತು ಗೋಡೆಯಿಂದ ಎಳೆದುಕೊಳ್ಳುವುದಲ್ಲ. ಆದರೂ ಪೂರ್ಣ ಸಾಮರ್ಥ್ಯದಲ್ಲಿ ಇಂಥ ಯಂತ್ರ 230 ವೋಲ್ಟ್‌ನಲ್ಲಿ 30 ಆಂಪಿಯರ್‌ಗೂ ಮೀರಿ ಎಳೆಯಬಲ್ಲದು. ಆದ್ದರಿಂದ ಮನೆಯ 16 ಆಂಪಿಯರ್ ಸಾಕೆಟ್ಟು ತೆಳು ಪೈಪಿನ ಕೆಲಸಕ್ಕೆ ಹೇಗೋ ತಡೆದೀತು, ದಪ್ಪ ಪ್ಲೇಟಿಗೆ ತಡೆಯದು. 32 ಆಂಪಿಯರ್‌ನ ಎಂಸಿಬಿ, ಅದಕ್ಕೆ ತಕ್ಕ ಕೈಗಾರಿಕಾ ಪ್ಲಗ್ಗು, ಮೀಟರ್ ಬೋರ್ಡಿನಿಂದ ನೇರವಾಗಿ ಎಳೆದ ತಾಮ್ರದ ವೈರಿಂಗ್, ಜೊತೆಗೆ ವಿದ್ಯುತ್ತು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಇವಿಷ್ಟನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಹಾಕಿಸಬೇಕು. ಉದ್ದದ ಸಣಕಲು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜು ಸೋರಿಹೋಗಿ ಆರ್ಕ್ ನಿಲ್ಲದಂತಾಗುತ್ತದೆ, ಸುರುಳಿ ಬಿಚ್ಚದ ವೈರು ಬಿಸಿಯಾಗಿ ಕರಗಲೂಬಹುದು.

ಇಲ್ಲೊಂದು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು. ಕಾರ್ಯಾಗಾರಗಳಲ್ಲಿ ಜಾಬಿಗೆ (ಬೆಸೆಯುವ ವಸ್ತುವಿಗೆ) ಕಚ್ಚಿಸುವ ಕ್ಲಾಂಪನ್ನು ಎಲ್ಲರೂ ಅರ್ಥ್ ಎನ್ನುತ್ತೇವೆ. ನಿಜವಾಗಿ ಅದು ಬೆಸುಗೆಯ ವಿದ್ಯುತ್ತು ಯಂತ್ರಕ್ಕೆ ಮರಳುವ ದಾರಿ ಮಾತ್ರ. ಯಂತ್ರದ ಹೊರಕವಚಕ್ಕೆ ವಿದ್ಯುತ್ತು ಸೋರಿದರೆ ಅದು ನಮ್ಮನ್ನು ಕಾಯುವುದಿಲ್ಲ. ಕಾಯುವುದು ಪ್ಲಗ್ಗಿನ ಮೂರನೆಯ ಪಿನ್ನಿನಿಂದ ನೆಲದ ಅರ್ಥಿಂಗ್ ಗುಂಡಿಗೆ ಹೋಗುವ ತಂತಿ. ಕ್ಲಾಂಪ್ ಇದೆಯಲ್ಲ ಎಂದುಕೊಂಡು ಮೂರನೆಯ ಪಿನ್ನನ್ನು ಕಿತ್ತುಹಾಕಿದ ಪ್ಲಗ್ಗುಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ, ನೆಲ ತೇವವಾಗಿ ಕೈಗವಸು ಬೆವರಿನಿಂದ ನೆನೆದಿರುವಾಗ, ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಅಂಥ ದಿನಗಳಲ್ಲಿ ಒಣ ಹಲಗೆ ಅಥವಾ ರಬ್ಬರ್ ಚಾಪೆಯ ಮೇಲೆ ನಿಂತೇ ಕೆಲಸ ಮಾಡಬೇಕು, ಕೈಗವಸನ್ನು ಎರಡು ಜೊತೆ ಇಟ್ಟುಕೊಂಡು ಬದಲಿಸಬೇಕು.

ಯಂತ್ರದ ಫಲಕದ ಮೇಲೆ ಡ್ಯೂಟಿ ಸೈಕಲ್ ಎಂದು ಬರೆದಿರುವುದನ್ನು ಓದಿಕೊಳ್ಳಿ. 200 ಆಂಪಿಯರ್‌ನಲ್ಲಿ 30 ಪ್ರತಿಶತ ಎಂದಿದ್ದರೆ ಪ್ರತಿ 10 ನಿಮಿಷದಲ್ಲಿ 3 ನಿಮಿಷ ಮಾತ್ರ ಅಷ್ಟು ವಿದ್ಯುತ್ತಿನಲ್ಲಿ ಬೆಸೆಯಬಹುದು, ಉಳಿದ 7 ನಿಮಿಷ ಯಂತ್ರ ತಣಿಯಬೇಕು ಎಂದರ್ಥ.

ಸಿಲಿಂಡರ್

ಎಂಎಸ್ ಕಬ್ಬಿಣಕ್ಕೆ ಶುದ್ಧ ಸಿಓಟೂ ಸಾಕು. ಅಗ್ಗ, ಬೆಸುಗೆ ಆಳಕ್ಕೆ ಇಳಿಯುತ್ತದೆ, ಆದರೆ ಸಿಡಿಯುವ ಕಿಡಿ ಹೆಚ್ಚು. 80 ಭಾಗ ಆರ್ಗಾನ್, 20 ಭಾಗ ಸಿಓಟೂ ಇರುವ ಮಿಶ್ರಣದಲ್ಲಿ ಆರ್ಕ್ ನಯವಾಗಿರುತ್ತದೆ, ಒಂದೂವರೆ ಮಿ.ಮೀ. ಪೈಪು ತೂತು ಬೀಳುವುದು ಕಡಿಮೆ. ದಿನವಿಡೀ ಗ್ರಿಲ್ ಕೆಲಸ ಮಾಡುವವರಿಗೆ ಮಿಶ್ರಣದ ಹೆಚ್ಚಿನ ಬೆಲೆ ಗ್ರೈಂಡಿಂಗ್ ಸಮಯದ ಉಳಿತಾಯದಲ್ಲೇ ಹಿಂದಿರುಗುತ್ತದೆ ಎಂಬುದು ನನ್ನ ಅನುಭವ.

ಯಾವ ಸಿಲಿಂಡರೇ ಆಗಲಿ, ಅದನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೋ ಗಾಡಿಗೋ ಸರಪಳಿಯಿಂದ ಕಟ್ಟುವವರೆಗೆ ಮುಚ್ಚಳ ತೆಗೆಯಬಾರದು. ಆರ್ಗಾನ್ ಸಿಲಿಂಡರ್ ತುಂಬಿದಾಗ ಒಳಗೆ ಸುಮಾರು 150 ಬಾರ್ ಒತ್ತಡವಿರುತ್ತದೆ. ಅದು ಬಿದ್ದು ವಾಲ್ವಿನ ಕುತ್ತಿಗೆ ಮುರಿದರೆ ಸಿಲಿಂಡರ್ ಗೋಡೆಯನ್ನೇ ಒಡೆದುಕೊಂಡು ಹೋಗುವ ವೇಗದಲ್ಲಿ ನುಗ್ಗುತ್ತದೆ. ಸಿಓಟೂ ಸಿಲಿಂಡರನ್ನು ನೆಟ್ಟಗಿಡಲು ಇನ್ನೊಂದು ಕಾರಣವೂ ಇದೆ: ಅದರೊಳಗೆ ಅನಿಲ ದ್ರವವಾಗಿ ನಿಂತಿರುತ್ತದೆ, ಮಲಗಿಸಿದರೆ ಆ ದ್ರವ ಒತ್ತಡ ಇಳಿಸುವ ರೆಗ್ಯುಲೇಟರ್‌ಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ದ್ರವವಾಗಿರುವುದರಿಂದಲೇ ಸಿಓಟೂ ಗೇಜು ಎಷ್ಟು ಅನಿಲ ಉಳಿದಿದೆ ಎಂಬುದನ್ನು ಹೇಳುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 57 ಬಾರ್ ತೋರಿಸುತ್ತದೆ, 30 ಡಿಗ್ರಿಯಲ್ಲಿ ಸುಮಾರು 72 ಬಾರ್. ಸಿಲಿಂಡರ್ ತುಂಬಿರಲಿ, ತಳದಲ್ಲಿ ಒಂದು ಕಿಲೋ ದ್ರವವಿರಲಿ, ಅಂಕಿ ಅದೇ. ದ್ರವ ಪೂರ್ತಿ ಮುಗಿದ ಮೇಲೆ ಮುಳ್ಳು ಸರ್ರನೆ ಇಳಿಯುತ್ತದೆ. ಆದ್ದರಿಂದ ಸಿಓಟೂವನ್ನು ತೂಕದಿಂದಲೇ ಅಳೆಯಬೇಕು. ಒಂದು ಕಿಲೋ ದ್ರವ ಸುಮಾರು 540 ಲೀಟರ್ ಅನಿಲವಾಗುತ್ತದೆ, ನಿಮಿಷಕ್ಕೆ 12 ಲೀಟರ್‌ನಂತೆ ಬಳಸಿದರೆ ಅದು 45 ನಿಮಿಷದ ಆರ್ಕ್‌ಗೆ ಸಾಕು. ಆರ್ಗಾನ್ ಅಥವಾ ಮಿಶ್ರಣದಲ್ಲಿ ಹಾಗಲ್ಲ, ಬಳಸಿದಷ್ಟೂ ಮುಳ್ಳು ಇಳಿಯುತ್ತದೆ. 7 ಘನಮೀಟರ್‌ನ ಸಿಲಿಂಡರ್ ಅದೇ ಲೆಕ್ಕದಲ್ಲಿ ಸುಮಾರು 580 ನಿಮಿಷ ಬರುತ್ತದೆ.

31 ಡಿಗ್ರಿ ದಾಟಿದರೆ ಇಂಗಾಲದ ಡೈಆಕ್ಸೈಡ್ ಎಷ್ಟು ಒತ್ತಿದರೂ ದ್ರವವಾಗಿ ನಿಲ್ಲುವುದಿಲ್ಲ, ಆಮೇಲೆ ಬಿಸಿ ಏರಿದಂತೆ ತುಂಬಿದ ಸಿಲಿಂಡರ್‌ನ ಒತ್ತಡ ಕಡಿದಾಗಿ ಏರುತ್ತದೆ. ಕಲಬುರಗಿ, ರಾಯಚೂರುಗಳ ಕಡೆ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಅಂಥಲ್ಲಿ ಸಿಲಿಂಡರನ್ನು ಬಿಸಿಲಿನಲ್ಲಿ ನಿಲ್ಲಿಸುವುದು ಸಲ್ಲದು. ಒದ್ದೆ ಗೋಣಿಚೀಲ ಹೊದಿಸುವುದಕ್ಕಿಂತ ನೆರಳಿನ, ಗಾಳಿಯಾಡುವ ಜಾಗಕ್ಕೆ ಸಾಗಿಸುವುದೇ ಸರಿ.

ರೆಗ್ಯುಲೇಟರನ್ನು ಆಯಾ ಅನಿಲಕ್ಕೆ ತಯಾರಾದುದನ್ನೇ ಹಾಕಬೇಕು. ಸಿಓಟೂ ರೆಗ್ಯುಲೇಟರ್‌ಗೆ ಹೀಟರ್ ಇರುತ್ತದೆ, ಏಕೆಂದರೆ ದ್ರವ ಅನಿಲವಾಗುವಾಗ ಬಿಸಿಯನ್ನು ಹೀರಿಕೊಂಡು ರೆಗ್ಯುಲೇಟರ್ ಹೆಪ್ಪುಗಟ್ಟಿ ಹರಿವು ನಿಂತುಬಿಡುತ್ತದೆ. ಹೀಟರ್‌ಗಳು 36, 110 ಮತ್ತು 230 ವೋಲ್ಟ್‌ಗಳಲ್ಲಿ ಬರುತ್ತವೆ. ಯಂತ್ರದ ಹಿಂದಿನ ಸಾಕೆಟ್ಟಿನಲ್ಲಿ ಯಾವುದನ್ನು ಬರೆದಿದೆಯೋ ಅದಕ್ಕೇ ಹೊಂದಿಸಬೇಕು. ಜೋಡಣೆಯಾದ ಮೇಲೆ ಗೇಜಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು ವಾಲ್ವನ್ನು ನಿಧಾನವಾಗಿ ತೆರೆದು, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಹರಿವನ್ನು ನಿಮಿಷಕ್ಕೆ 10ರಿಂದ 15 ಲೀಟರ್‌ಗೆ, ಟಾರ್ಚಿನ ಸ್ವಿಚ್ ಒತ್ತಿ ಅನಿಲ ಹರಿಯುತ್ತಿರುವಾಗಲೇ ನೋಡಿ, ಹೊಂದಿಸಬೇಕು.

ವೈರ್ ಹಾಕುವ ಬಗೆ

ಎಂಎಸ್‌ಗೆ ಸಾಮಾನ್ಯವಾಗಿ ಬಳಸುವುದು ಇಆರ್ 70ಎಸ್-6 ಎಂಬ ತಾಮ್ರಲೇಪಿತ ವೈರ್. ಸಣ್ಣ ಯಂತ್ರಕ್ಕೆ 5 ಕಿಲೋ ಸುರುಳಿ, ದೊಡ್ಡದಕ್ಕೆ 15 ಕಿಲೋ. ಸುರುಳಿಯಲ್ಲಿ ಸುತ್ತಿರುವ ವೈರ್ ಸ್ಪ್ರಿಂಗಿನಂತೆ ಬಿಗಿಯಾಗಿರುತ್ತದೆ. ತುದಿಯನ್ನು ಬಿಡಿಸುವಾಗ ಕೈತಪ್ಪಿದರೆ ಅದು ಚಿಮ್ಮಿ ಕಣ್ಣಿಗೆ ಹೊಡೆಯಬಹುದು, ಇಲ್ಲವೇ ಸುರುಳಿಯೆಲ್ಲ ಸಡಿಲವಾಗಿ ಸಿಕ್ಕುಬೀಳುತ್ತದೆ. ಕನ್ನಡಕ ಹಾಕಿಕೊಂಡು, ತುದಿಯನ್ನು ಬಿಗಿಯಾಗಿ ಹಿಡಿದು, ಬಾಗಿದ ಭಾಗವನ್ನು ಕಟ್ಟರ್‌ನಿಂದ ಕತ್ತರಿಸಿ, ಕತ್ತರಿಸಿದ ಅಂಚನ್ನು ಅರದಿಂದ ಒಂದೆರಡು ಸಲ ಉಜ್ಜಿ ಮೊಂಡು ಮಾಡಿದರೆ ಅದು ಟಾರ್ಚಿನ ಕೇಬಲ್ಲಿನೊಳಗೆ ವೈರ್ ಸಾಗುವ ಕೊಳವೆಯಾದ ಲೈನರ್‌ನ ಒಳಮೈಯನ್ನು ಕೆರೆಯದೆ ಸಾಗುತ್ತದೆ.

ಮೂರು ಅಳತೆಗಳು ಒಂದಕ್ಕೊಂದು ಕೂಡಬೇಕು: ವೈರ್ 0.8 ಆದರೆ ಅದನ್ನು ತಳ್ಳುವ ರೋಲರ್‌ನ ತೋಡೂ 0.8, ಟಾರ್ಚಿನ ತುದಿಯಲ್ಲಿ ವೈರಿಗೆ ವಿದ್ಯುತ್ತು ಮುಟ್ಟಿಸುವ ಕಾಂಟ್ಯಾಕ್ಟ್ ಟಿಪ್ಪೂ 0.8. ರೋಲರ್‌ನ ಎರಡು ಬದಿಗಳಲ್ಲಿ ಬೇರೆ ಬೇರೆ ಅಳತೆಯ ತೋಡುಗಳಿರುತ್ತವೆ, ಬೇಕಾದುದನ್ನು ವೈರಿನ ಸಾಲಿಗೆ ತಿರುಗಿಸಿ ಹಾಕಿಕೊಳ್ಳಬೇಕು. ಗಟ್ಟಿ ಕಬ್ಬಿಣದ ವೈರಿಗೆ ವಿ ಆಕಾರದ ತೋಡು, ಮೆದುವಾದ ಅಲ್ಯುಮಿನಿಯಂಗೆ ಯು ಆಕಾರದ್ದು, ಒಳಗೆ ಫ್ಲಕ್ಸ್ (ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ವೈರಿಗೆ ಹಲ್ಲು ಹಲ್ಲಾದದ್ದು.

ಟಾರ್ಚಿನ ಕೇಬಲ್ಲನ್ನು ನೆಲದ ಮೇಲೆ ನೇರವಾಗಿ ಚಾಚಿ, ಅನಿಲ ಹೊರಬರುವ ನಾಜಲ್ ಮತ್ತು ಟಿಪ್ಪನ್ನು ಬಿಚ್ಚಿ, ವೈರನ್ನು ರೋಲರ್ ದಾಟಿಸಿ ಕೈಯಿಂದಲೇ ಲೈನರ್‌ಗೆ ನಾಲ್ಕಾರು ಅಂಗುಲ ತೂರಿಸಿದ ಮೇಲಷ್ಟೇ ರೋಲರ್‌ನ ಒತ್ತಡದ ತಿರುಪನ್ನು ಏರಿಸಿ ಸ್ವಿಚ್ ಒತ್ತಬೇಕು. ವೈರ್ ಹೊರಬರುವಾಗ ಟಾರ್ಚ್ ಯಾರ ಮುಖದ ಕಡೆಗೂ, ನಿಮ್ಮ ಅಂಗೈಯ ಕಡೆಗೂ ಇರಬಾರದು. ಬಂತೇ ಎಂದು ಬೆರಳಿಟ್ಟು ನೋಡಿದವರ ಬೆರಳಿಗೇ ವೈರ್ ಚುಚ್ಚಿಕೊಂಡು ಹೋಗಿರುವುದುಂಟು. ಆಮೇಲೆ ಟಿಪ್ಪನ್ನು ವೈರಿನ ಮೇಲಿಂದ ತೂರಿಸಿ ಬಿಗಿ ಮಾಡಬೇಕು, ಸಡಿಲ ಟಿಪ್ಪು ಆರ್ಕನ್ನು ತಡವರಿಸುವಂತೆ ಮಾಡುತ್ತದೆ.

ರೋಲರ್‌ನ ಒತ್ತಡ ಎಷ್ಟಿರಬೇಕು ಎಂಬುದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ವೈರ್ ತುದಿಯನ್ನು ಒಣ ಮರದ ತುಂಡಿಗೆ ಓರೆಯಾಗಿ ಒತ್ತಿ ಹಿಡಿದು ಸ್ವಿಚ್ ಒತ್ತಿದರೆ ವೈರ್ ನಿಲ್ಲದೆ ಬಾಗಿ ಸುರುಳಿಯಾಗುತ್ತ ಬರಬೇಕು. ಟಾರ್ಚನ್ನು ಮರಕ್ಕೆ ತೀರಾ ಹತ್ತಿರ ಒಯ್ದಾಗ ರೋಲರ್ ಜಾರಬೇಕು. ಬಹಳ ಬಿಗಿ ಮಾಡಿದರೆ ಟಿಪ್ಪಿನಲ್ಲಿ ವೈರ್ ಕಚ್ಚಿಕೊಂಡ ಕೂಡಲೇ ರೋಲರ್ ಅದನ್ನು ತಳ್ಳುತ್ತಲೇ ಹೋಗಿ ಯಂತ್ರದೊಳಗೆ ವೈರ್ ಹಕ್ಕಿಗೂಡಿನಂತೆ ಸುತ್ತಿಕೊಳ್ಳುತ್ತದೆ. ಸುರುಳಿಯ ಬ್ರೇಕಿನ ನಟ್ಟು ಕೂಡ ಹೀಗೆಯೇ; ಸ್ವಿಚ್ ಬಿಟ್ಟಾಗ ಸುರುಳಿ ತಾನೇ ತಾನಾಗಿ ಸುತ್ತದೆ ನಿಲ್ಲುವಷ್ಟು ಬಿಗಿ ಸಾಕು.

ಇನ್ನು ಪ್ಲಸ್, ಮೈನಸ್‌ಗಳ ವಿಷಯ. ಅನಿಲದೊಂದಿಗೆ ಬಳಸುವ ಗಟ್ಟಿ ವೈರಿಗೆ ಟಾರ್ಚ್ ಪ್ಲಸ್‌ನಲ್ಲಿ, ಕ್ಲಾಂಪ್ ಮೈನಸ್‌ನಲ್ಲಿರಬೇಕು. ಅನಿಲವಿಲ್ಲದೆ ನಡೆಯುವ ಫ್ಲಕ್ಸ್ ವೈರಿಗೆ ಹೆಚ್ಚಾಗಿ ಇದು ತಿರುವುಮುರುವು, ಸುರುಳಿಯ ಮೇಲೆ ಬರೆದಿರುತ್ತದೆ. ಹೊಸ ಯಂತ್ರಗಳು ಕೆಲವೊಮ್ಮೆ ಫ್ಲಕ್ಸ್ ವೈರಿಗೆಂದು ಜೋಡಿಸಿಯೇ ಪೆಟ್ಟಿಗೆಯಿಂದ ಬರುತ್ತವೆ. ಎಷ್ಟು ತಿರುಗಿಸಿದರೂ ಆರ್ಕ್ ಪಟಪಟ ಸಿಡಿಯುತ್ತ ಬೆಸುಗೆ ಮೇಲೆಯೇ ಗುಡ್ಡೆಗಟ್ಟುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನು. ಕ್ಲಾಂಪನ್ನು ಬಣ್ಣ, ತುಕ್ಕು ತೆಗೆದ ಜಾಗಕ್ಕೆ, ಬೆಸುಗೆಗೆ ಹತ್ತಿರದಲ್ಲೇ ಕಚ್ಚಿಸಬೇಕು. ಟ್ರ್ಯಾಕ್ಟರ್, ಕಾರುಗಳ ಮೇಲೆ ಬೆಸೆಯುವಾಗ ಬ್ಯಾಟರಿಯ ತಂತಿಗಳನ್ನು ಕಳಚಬೇಕು, ಮತ್ತು ವಿದ್ಯುತ್ತು ಬೇರಿಂಗುಗಳ ಮೂಲಕ ಹಾದುಹೋಗದಂಥ ಜಾಗದಲ್ಲಿ ಕ್ಲಾಂಪ್ ಹಾಕಬೇಕು.

ಕಣ್ಣು, ಚರ್ಮ, ಉಸಿರು

ಮಿಗ್ ಆರ್ಕ್‌ನಲ್ಲಿ ಬೆಳಕನ್ನು ಮಬ್ಬು ಮಾಡುವ ಹೊಗೆ ಕಡಿಮೆಯಾದ್ದರಿಂದ ಅಷ್ಟೇ ಆಂಪಿಯರ್‌ನ ರಾಡ್‌ಗಿಂತ ಅತಿನೇರಳೆ ಕಿರಣಗಳು ತೀಕ್ಷ್ಣವಾಗಿ ಬಡಿಯುತ್ತವೆ. 100 ಆಂಪಿಯರ್ ಸುತ್ತಿನ ಕೆಲಸಕ್ಕೆ 10 ಅಥವಾ 11ನೇ ಶೇಡ್ (ಗಾಜಿನ ಕಪ್ಪಿನ ಮಟ್ಟ), 160 ದಾಟಿದರೆ 12ನೇ ಶೇಡ್ ಗಾಜು ಬೇಕು. ತಾನೇ ಕಪ್ಪಾಗುವ ಹೆಲ್ಮೆಟ್ ಕೊಂಡವರು ಪ್ರತಿದಿನ ಬೆಳಿಗ್ಗೆ ಅದನ್ನು ಪರೀಕ್ಷಿಸಿ, ಸೆನ್ಸರ್‌ಗಳ ಮೇಲಿನ ಧೂಳನ್ನು ಒರೆಸಬೇಕು. ಕೈಯಲ್ಲಿ ಹಿಡಿಯುವ ಶೀಲ್ಡ್ ಮಿಗ್‌ಗೆ ಹೊಂದುವುದಿಲ್ಲ, ಟಾರ್ಚನ್ನು ಎರಡೂ ಕೈಯಿಂದ ಆಧರಿಸಿದಾಗಲೇ ಸಾಲು ನೆಟ್ಟಗೆ ಬರುವುದು. ತಂಪು ಕನ್ನಡಕ ಹಾಕಿಕೊಂಡು ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆಯುವ ಅಭ್ಯಾಸವನ್ನು ಇಂದೇ ಬಿಡಬೇಕು.

ಕಣ್ಣಿಗೆ ಆರ್ಕ್ ಬಡಿದದ್ದು ಆಗಲೇ ಗೊತ್ತಾಗುವುದಿಲ್ಲ ಎಂಬುದೇ ಇದರ ಮೋಸ. ಆರರಿಂದ ಹನ್ನೆರಡು ಗಂಟೆಗಳ ನಂತರ, ಸಾಮಾನ್ಯವಾಗಿ ನಡುರಾತ್ರಿ, ಕಣ್ಣಿಗೆ ಮರಳು ಸುರಿದಂತೆ ಉರಿ ಎದ್ದು ನೀರು ಸುರಿಯತೊಡಗುತ್ತದೆ. ಆಲೂಗಡ್ಡೆಯ ಹೋಳು ಕಟ್ಟುವುದು, ಎದೆಹಾಲು ಹನಿಸುವುದು ಮುಂತಾದ ಮನೆಮದ್ದುಗಳನ್ನು ನಂಬಬೇಡಿ, ಅವುಗಳಿಂದ ಸೋಂಕು ತಗಲಬಹುದು. ನೋವು ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಮತ್ತೆ ಮತ್ತೆ ಹಾಕಿಕೊಳ್ಳುವುದು ಅದಕ್ಕಿಂತ ಅಪಾಯಕರ, ಅದು ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಮಾಯದಂತೆ ಮಾಡುತ್ತದೆ. ಬೆಳಕಿನಿಂದ ದೂರವಿದ್ದು ಕಣ್ಣಿನ ವೈದ್ಯರನ್ನು ಕಾಣಬೇಕು. ಕೆಲಸದ ಜಾಗದ ಸುತ್ತ ವೆಲ್ಡಿಂಗ್ ಪರದೆಯನ್ನೋ ತಗಡನ್ನೋ ನಿಲ್ಲಿಸುವುದು ನಮ್ಮ ಕರ್ತವ್ಯ, ಏಕೆಂದರೆ ರಸ್ತೆ ಬದಿಯ ಅಂಗಡಿಯ ಮುಂದೆ ನಿಂತು ಕಿಡಿ ನೋಡುವ ಶಾಲೆಯ ಮಕ್ಕಳಿಗೆ ಈ ಯಾವುದೂ ಗೊತ್ತಿರುವುದಿಲ್ಲ.

ಬಟ್ಟೆ ದಪ್ಪ ಹತ್ತಿಯದಾಗಿರಬೇಕು, ಪಾಲಿಯೆಸ್ಟರ್ ಕಿಡಿ ಬಿದ್ದಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಚರ್ಮದ ಕೈಗವಸು, ಏಪ್ರನ್, ಪಾದ ಮುಚ್ಚುವ ಶೂ, ಶೂವಿನ ಹೊರಗೆ ಇಳಿಬಿಟ್ಟ ಪ್ಯಾಂಟು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಪೂರ್ಣ ತೋಳಿನ ಅಂಗಿ. ಲುಂಗಿ, ಹವಾಯಿ ಚಪ್ಪಲಿ, ಜೇಬಿನಲ್ಲಿ ಲೈಟರ್, ಮೂರೂ ಬೇಡ.

ಹೊಗೆಯ ವಿಷಯದಲ್ಲಿ ನಮ್ಮಲ್ಲಿ ಅಸಡ್ಡೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಖಚಿತವಾದ ಮೊದಲನೆಯ ಗುಂಪಿಗೆ ಸೇರಿಸಿತು. ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ, ಹಾಲು ಕುಡಿದರೆ ಜಿಐ ಪೈಪಿನ ಹೊಗೆ ತಟ್ಟುವುದಿಲ್ಲ ಎಂಬ ಮಾತುಗಳನ್ನು ನಂಬಿ ಕೂರುವಂತಿಲ್ಲ. ಹೊಟ್ಟೆಗೆ ಹೋದದ್ದು ಶ್ವಾಸಕೋಶವನ್ನು ತೊಳೆಯುವುದಿಲ್ಲ. ಜಿಐ ಪೈಪಿನ ಸತುವಿನ ಲೇಪ ಸುಟ್ಟ ಬಿಳಿ ಹೊಗೆ ಉಸಿರಾಡಿದವರಿಗೆ ಅದೇ ಸಂಜೆ ಚಳಿಜ್ವರ, ಬಾಯಲ್ಲಿ ಲೋಹದ ರುಚಿ, ಮೈಕೈ ನೋವು ಬರುತ್ತದೆ. ಆ ಲೇಪವನ್ನು ಬೆಸುಗೆಯ ಎರಡೂ ಬದಿಗೆ ಒಂದೆರಡು ಅಂಗುಲ ಉಜ್ಜಿ ತೆಗೆದು, ವೆಲ್ಡಿಂಗ್ ಹೊಗೆಗೆ ತಕ್ಕ ಫಿಲ್ಟರ್ ಮಾಸ್ಕ್ ಹಾಕಿಕೊಂಡು, ತಲೆಯನ್ನು ಹೊಗೆಯ ದಾರಿಯಿಂದ ಆಚೆ ಇಟ್ಟು ಬೆಸೆಯಬೇಕು. ಎಣ್ಣೆ ಜಿಡ್ಡು ತೊಳೆಯಲು ಬ್ರೇಕ್ ಕ್ಲೀನರ್ ಬಳಸಲೇಬಾರದು. ಅದರಲ್ಲಿ ಕ್ಲೋರಿನ್ ಇರುವ ದ್ರಾವಕವಿದ್ದರೆ ಆರ್ಕ್‌ನ ಬಿಸಿ ಮತ್ತು ಕಿರಣಗಳಿಂದ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಸಂಪು, ನೀರಿನ ಟ್ಯಾಂಕರ್, ತಗ್ಗಿನ ಗುಂಡಿಗಳೊಳಗೆ ಮಿಗ್ ಬಳಸುವುದು ಬೇರೆಯೇ ಮಟ್ಟದ ಅಪಾಯ. ಆರ್ಗಾನ್, ಸಿಓಟೂ ಎರಡೂ ಗಾಳಿಗಿಂತ ಭಾರ. ಅವು ತಳದಲ್ಲಿ ನಿಂತು, ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತವೆ, ವಾಸನೆಯಿಲ್ಲ, ಎಚ್ಚರಿಕೆಯಿಲ್ಲ. ಗಾಳಿ ಊದುವ ಬ್ಲೋವರ್, ಆಮ್ಲಜನಕ ಅಳೆಯುವ ಮೀಟರ್, ಹೊರಗೆ ಕಾಯುವ ಮನುಷ್ಯ ಇಲ್ಲದೆ ಒಳಗಿಳಿಯಬೇಡಿ.

ಆಂಪಿಯರ್, ವೋಲ್ಟೇಜು, ವೈರಿನ ವೇಗ

ರಾಡ್ ಯಂತ್ರದಲ್ಲಿ ನಾವು ಆಂಪಿಯರನ್ನು ನೇರವಾಗಿ ಇಡುತ್ತೇವೆ. ಮಿಗ್ ಯಂತ್ರ ಸ್ಥಿರ ವೋಲ್ಟೇಜಿನದು. ಇಲ್ಲಿ ಆಂಪಿಯರನ್ನು ನಿರ್ಧರಿಸುವುದು ವೈರಿನ ವೇಗ. ವೈರ್ ವೇಗವಾಗಿ ಬಂದಷ್ಟೂ ಅದನ್ನು ಕರಗಿಸಲು ಯಂತ್ರ ಹೆಚ್ಚು ಆಂಪಿಯರ್ ಕೊಡುತ್ತದೆ. ವೋಲ್ಟೇಜು ಆರ್ಕ್‌ನ ಉದ್ದವನ್ನು, ಅದರಿಂದ ಸಾಲಿನ ಅಗಲವನ್ನು ನಿರ್ಧರಿಸುತ್ತದೆ. ಇದೊಂದು ಅರ್ಥವಾದರೆ ಉಳಿದ ಹೊಂದಿಕೆ ತಾನಾಗಿ ಕೈಗೆ ಬರುತ್ತದೆ.

ತೆಳು ಲೋಹಕ್ಕೆ ಪ್ರತಿ ಮಿ.ಮೀ. ದಪ್ಪಕ್ಕೆ 40 ಆಂಪಿಯರ್ ಎಂದು ಮೊದಲ ಅಂದಾಜು ಇಟ್ಟುಕೊಳ್ಳಬಹುದು: ಒಂದೂವರೆ ಮಿ.ಮೀ. ಸ್ಕ್ವೇರ್ ಪೈಪಿಗೆ 60, 3 ಮಿ.ಮೀ. ಆ್ಯಂಗಲ್‌ಗೆ 120. ವೋಲ್ಟೇಜಿಗೆ, ಆಂಪಿಯರನ್ನು 0.05ರಿಂದ ಗುಣಿಸಿ 14 ಕೂಡಿಸಬೇಕು. 60ಕ್ಕೆ 17 ವೋಲ್ಟ್, 120ಕ್ಕೆ 20 ವೋಲ್ಟ್. ಆರ್ಗಾನ್ ಮಿಶ್ರಣದಲ್ಲಿ ಇದಕ್ಕಿಂತ ಒಂದೆರಡು ವೋಲ್ಟ್ ಕಡಿಮೆಯಲ್ಲೇ ಆರ್ಕ್ ನಯವಾಗಬಹುದು, ಶುದ್ಧ ಸಿಓಟೂನಲ್ಲಿ ಪೂರ್ತಿ ಬೇಕಾದೀತು. 0.8 ಮಿ.ಮೀ. ವೈರಿನಲ್ಲಿ 100 ಆಂಪಿಯರ್ ಎಂದರೆ ನಿಮಿಷಕ್ಕೆ ಸುಮಾರು 5ರಿಂದ 6 ಮೀಟರ್ ವೈರ್ ಎಂದು ತಿಳಿಯಬಹುದು.

ಇವು ಆರಂಭದ ಅಂಕಿಗಳು ಮಾತ್ರ. ಮುಂದಿನದನ್ನು ಕಿವಿಯೇ ಹೇಳಬೇಕು. ಕೆಲಸಕ್ಕೆ ಬರುವಷ್ಟೇ ದಪ್ಪದ ಗುಜರಿ ತುಂಡಿನ ಮೇಲೆ ವೋಲ್ಟೇಜನ್ನು ಹಾಗೆಯೇ ಬಿಟ್ಟು ವೈರಿನ ವೇಗವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತ ಬೆಸೆಯಿರಿ. ವೇಗ ಹೆಚ್ಚಾಗಿದ್ದರೆ ವೈರ್ ಕರಗುವ ಮೊದಲೇ ಲೋಹಕ್ಕೆ ಗುದ್ದಿ ಟಾರ್ಚ್ ಹಿಂದಕ್ಕೆ ಒದೆಯುತ್ತದೆ. ಕಡಿಮೆಯಾಗಿದ್ದರೆ ತುದಿಯಲ್ಲಿ ದಪ್ಪ ಹನಿ ಕಟ್ಟಿ, ಕೊನೆಗೆ ವೈರ್ ಟಿಪ್ಪಿಗೇ ಅಂಟಿಕೊಳ್ಳುತ್ತದೆ. ಸರಿಯಾದಾಗ ಕಾದ ಎಣ್ಣೆಗೆ ಬಜ್ಜಿ ಬಿಟ್ಟಂಥ ಒಂದೇ ಸಮನಾದ ಚುರುಚುರು ಸದ್ದು ಬರುತ್ತದೆ. ಆ ಅಂಕಿಗಳನ್ನು ಯಂತ್ರದ ಬಾಗಿಲ ಒಳಗೆ ಚೀಟಿಯಲ್ಲಿ ಬರೆದು ಅಂಟಿಸಿಡಿ.

ಬೆಸೆಯುವಾಗ

ತುಕ್ಕು, ಬಣ್ಣ, ಎಣ್ಣೆ ಮತ್ತು ಹೊಸ ಪ್ಲೇಟಿನ ನೀಲಿಗಪ್ಪು ಪೊರೆ, ಎಲ್ಲವನ್ನೂ ಗ್ರೈಂಡರ್‌ನಿಂದ ತೆಗೆದು ಲೋಹ ಹೊಳೆಯುವಂತೆ ಮಾಡಬೇಕು. ರಾಡ್‌ನ ಫ್ಲಕ್ಸ್ ಒಂದಿಷ್ಟು ಕೊಳೆಯನ್ನು ತೇಲಿಸಿ ಹೊರಹಾಕುತ್ತದೆ, ಮಿಗ್‌ನ ಅನಿಲಕ್ಕೆ ಆ ಶಕ್ತಿಯಿಲ್ಲ. ಟಿಪ್ಪಿನಿಂದ ಲೋಹಕ್ಕೆ 10ರಿಂದ 15 ಮಿ.ಮೀ. ದೂರ. ಮೂಲೆಯ ಬೆಸುಗೆಗೆ ಟಾರ್ಚನ್ನು ಎರಡೂ ತಟ್ಟೆಗಳ ನಡುವೆ 45 ಡಿಗ್ರಿಯಲ್ಲಿ ಹಿಡಿದು, ಸಾಗುವ ದಿಕ್ಕಿಗೆ 10ರಿಂದ 15 ಡಿಗ್ರಿ ಓರೆ ಮಾಡಬೇಕು. ಮುಂದಕ್ಕೆ ತಳ್ಳುತ್ತ ಹೋದರೆ ಸಾಲು ಚಪ್ಪಟೆ, ಆಳ ಕಡಿಮೆ, ತೆಳು ಪೈಪಿಗೆ ಒಳ್ಳೆಯದು. ಹಿಂದಕ್ಕೆ ಎಳೆಯುತ್ತ ಬಂದರೆ ಆಳ ಹೆಚ್ಚು. ಕಣ್ಣು ಆರ್ಕ್‌ನ ಬೆಳಕಿನ ಮೇಲಲ್ಲ, ಕರಗಿದ ಕೊಳದ ಮುಂಚೂಣಿಯ ಅಂಚಿನ ಮೇಲಿರಲಿ. ವೈರ್ ಸದಾ ಆ ಅಂಚಿನಲ್ಲಿ ಬೀಳಬೇಕು. ಕೊಳ ವೈರನ್ನು ದಾಟಿ ಮುಂದಕ್ಕೆ ಉರುಳಿದರೆ, ಕರಗದ ಲೋಹದ ಮೇಲೆ ಕರಗಿದ ಲೋಹ ಸುಮ್ಮನೆ ಕುಳಿತಂತೆ. ನನ್ನ ಟ್ರೇಲರ್ ಕೊಂಡಿಯಲ್ಲಿ ಆದದ್ದು ಅದೇ. ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬೆಸೆಯುವಾಗ ಈ ದೋಷ ಅತಿ ಸುಲಭವಾಗಿ ಬರುವುದರಿಂದ, 3 ಮಿ.ಮೀ.ಗಿಂತ ದಪ್ಪದ್ದನ್ನು ಕೆಳಗಿನಿಂದ ಮೇಲಕ್ಕೇ ಬೆಸೆಯಬೇಕು.

ಸಾಲಿನಲ್ಲಿ ಹುತ್ತದಂತೆ ತೂತುಗಳು ಕಂಡರೆ ಗಾಳಿ ಹೊಕ್ಕಿದೆ ಎಂದರ್ಥ. ಹಿಂದೆ ತಿರುಗುತ್ತಿರುವ ಫ್ಯಾನು, ಕಿಡಿ ತುಂಬಿಕೊಂಡ ನಾಜಲ್, ಖಾಲಿಯಾದ ಸಿಲಿಂಡರ್, ಸೋರುವ ಪೈಪು, ಈ ನಾಲ್ಕನ್ನು ನೋಡಬೇಕು. ಹರಿವನ್ನು 25 ಲೀಟರ್‌ಗೆ ಏರಿಸುವುದು ಪರಿಹಾರವಲ್ಲ, ರಭಸಕ್ಕೆ ಅನಿಲ ಸುಳಿಗಟ್ಟಿ ಇನ್ನಷ್ಟು ಗಾಳಿಯನ್ನು ಒಳಗೆಳೆಯುತ್ತದೆ.

ಹಳೆಯ ಪೆಟ್ರೋಲ್, ಡೀಸೆಲ್ ಟ್ಯಾಂಕು, ಎಣ್ಣೆ ಡ್ರಮ್ಮುಗಳನ್ನು, ಎಷ್ಟೇ ತೊಳೆದು ತಂದಿರಲಿ, ಬೆಸೆಯಲು ಒಪ್ಪಬೇಡಿ. ಒಳಗೆ ಉಳಿದ ಆವಿ ಕಣ್ಣಿಗೆ ಕಾಣುವುದಿಲ್ಲ.

ಒಡೆದು ನೋಡುವುದು

ಹೊಂದಿಕೆ ಸರಿಯಾಯಿತೆಂದು ಅನ್ನಿಸಿದ ಮೇಲೆ, ಅದೇ ದಪ್ಪದ ಎರಡು ತುಂಡುಗಳನ್ನು ಟಿ ಆಕಾರದಲ್ಲಿ ಒಂದೇ ಬದಿಗೆ ಬೆಸೆದು, ತಣ್ಣಗಾದ ಬಳಿಕ ಬೆಂಚ್‌ವೈಸಿಗೆ ಬಿಗಿದು, ನಿಂತ ತುಂಡನ್ನು ಬೆಸುಗೆಯ ಕಡೆಗೆ ಸುತ್ತಿಗೆಯಿಂದ ಬಾಗಿಸಿ, ಬೆಸುಗೆಯ ಬೇರು ಬಾಯ್ತೆರೆಯುವಂತೆ ಮಾಡಬೇಕು. ಬೆಸುಗೆ ಬಾಗಿ, ಬೇರಿನಿಂದ ಹರಿದು, ಒಡೆದ ಮೈ ಬೂದುಬಣ್ಣದ ಕಾಳುಕಾಳಾಗಿ ಕಂಡರೆ ಅದು ಲೋಹಕ್ಕೆ ಲೋಹ ಕೂಡಿಕೊಂಡ ಗುರುತು. ಒಂದು ತಟ್ಟೆಯಿಂದ ನುಣ್ಣಗೆ ಕಳಚಿಕೊಂಡು, ಹಿಂದೆ ಗ್ರೈಂಡರ್‌ನ ಗೆರೆಗಳು ಹಾಗೆಯೇ ಉಳಿದಿದ್ದರೆ ಬಿಸಿ ಸಾಲದು, ವೋಲ್ಟೇಜು ಮತ್ತು ವೈರಿನ ವೇಗ ಎರಡನ್ನೂ ಏರಿಸಿ ಮತ್ತೆ ಬೆಸೆದು ಒಡೆಯಬೇಕು. ಟ್ರೇಲರ್ ಕೊಂಡಿ, ಎತ್ತುವ ಕೊಕ್ಕೆ, ಮೆಟ್ಟಿಲಿನ ಆಧಾರ ಮುಂತಾಗಿ ಜೀವ ನಂಬಿಕೊಂಡಿರುವ ದಪ್ಪ ಕೆಲಸಗಳಿಗೆ 0.8 ವೈರಿನ ಸಣ್ಣ ಯಂತ್ರವನ್ನು ನಾನು ಈಗ ಬಳಸುವುದೇ ಇಲ್ಲ. ಅವುಗಳ ಅಂಚನ್ನು ಓರೆಯಾಗಿ ಕೆತ್ತಿ, ಒಣಗಿಸಿದ 7018 ಎಂಬ ದರ್ಜೆಯ ರಾಡ್‌ನಿಂದ ಹಲವು ಪದರಗಳಲ್ಲಿ ಬೆಸೆಯುವುದೇ ಲೇಸು.

ಕೆಲಸ ನಿಲ್ಲಿಸುವಾಗ

ಕಿಡಿಗಳು 10 ಮೀಟರ್‌ವರೆಗೂ ಉರುಳಿ ಹೋಗಬಲ್ಲವು. ಗೋಣಿಚೀಲ, ತೆಂಗಿನ ನಾರು, ಒಣಹುಲ್ಲು, ಅಡಿಕೆ ಸಿಪ್ಪೆಗಳಲ್ಲಿ ಅವು ಹೊಗೆಯೂ ಕಾಣದಂತೆ ಅಡಗಿದ್ದು ಎಷ್ಟೋ ಹೊತ್ತಿನ ಮೇಲೆ ಹೊತ್ತಿಕೊಳ್ಳುತ್ತವೆ. ರೈತರ ಕಣಜದ ಪಕ್ಕದಲ್ಲೋ ರೇಷ್ಮೆ ಹುಳು ಸಾಕುವ ಮನೆಯಲ್ಲೋ ಕೆಲಸ ಮಾಡಿದ ದಿನ, ಕೊನೆಯ ಸಾಲು ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಇದ್ದು ನೋಡಿಕೊಳ್ಳಬೇಕು. ಎಬಿಸಿ ಪುಡಿಯ ನಂದಕ ಮತ್ತು ಮರಳಿನ ಬಕೆಟ್ಟು ಕೈಗೆಟಕುವಲ್ಲಿರಲಿ. ವಿದ್ಯುತ್ತು ಹರಿಯುತ್ತಿರುವ ಯಂತ್ರದ ಮೇಲೆ ನೀರು ಸುರಿಯಬಾರದು.

ಸಿಲಿಂಡರ್ ವಾಲ್ವನ್ನು ಮುಚ್ಚಿ, ಟಾರ್ಚಿನ ಸ್ವಿಚ್ ಒತ್ತಿ ಪೈಪಿನಲ್ಲಿ ಉಳಿದ ಅನಿಲವನ್ನು ಹೊರಬಿಟ್ಟು, ರೆಗ್ಯುಲೇಟರ್‌ನ ತಿರುಪನ್ನು ಸಡಿಲಿಸಿ, ಹೀಟರ್ ಆರಿಸಿ, ಯಂತ್ರದ ಫ್ಯಾನು ಒಂದೈದು ನಿಮಿಷ ಓಡಿ ಒಳಗಿನ ಬಿಸಿ ಇಳಿದ ಮೇಲೆ ಮುಖ್ಯ ಸ್ವಿಚ್ಚನ್ನು ತೆಗೆಯಬೇಕು. ಮಳೆಗಾಲದಲ್ಲಿ ನಾಲ್ಕಾರು ದಿನ ಯಂತ್ರ ಮುಟ್ಟುವುದಿಲ್ಲವೆಂದಾದರೆ ವೈರಿನ ಸುರುಳಿಯನ್ನು ಹೊರತೆಗೆದು, ತುದಿಯನ್ನು ಸುರುಳಿಯ ತೂತಿಗೆ ಸಿಕ್ಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಣ ಜಾಗದಲ್ಲಿಡಿ. ತುಕ್ಕು ಹಿಡಿದ ವೈರ್ ಲೈನರ್‌ನೊಳಗೆ ಪುಡಿ ಉದುರಿಸಿ, ಟಿಪ್ಪಿನಲ್ಲಿ ತಡೆತಡೆದು ಬಂದು, ಹಿಂದಿನ ವಾರ ಒಡೆದು ನೋಡಿ ಬರೆದಿಟ್ಟ ಅಂಕಿಗಳನ್ನೆಲ್ಲ ಸುಳ್ಳು ಮಾಡುತ್ತದೆ.